ಕ್ಯಾನ್ಸರ್ ಬಂದವರ ಮನಸ್ಸಿಗೂ ಚಿಕಿತ್ಸೆ ಇದೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ಸಭೆಯಲ್ಲಿ ಸ್ತನದಲ್ಲಿ ಗಂಟು ಇದೆಯೇ ಎಂದು ನೋಡಿಕೊಳ್ಳುವುದು ಹೇಗೆ, ಗರ್ಭಕಂಠದ ಪರೀಕ್ಷೆ ಯಾಕೆ ಮಾಡಿಸಬೇಕು, ಕಡ್ಡಿಪುಡಿ ಹೊಗೆಸೊಪ್ಪಿನಿಂದ ಬಾಯಿಗೆ ಏನಾಗುತ್ತದೆ ಎಂಬ ಮಾಹಿತಿ ಪಡೆದಿದ್ದೀರಿ. ಅಂದು ಊಟದ ಹೊತ್ತಿನಲ್ಲಿ ಒಬ್ಬ ಸದಸ್ಯೆ ನಮ್ಮನ್ನು ಪಕ್ಕಕ್ಕೆ ಕರೆದು, "ಕಾಯಿಲೆ ಬರೋಕ್ ಮುಂಚೆ ಏನ್ಮಾಡ್ಬೇಕು ಅಂತ ಹೇಳಿದ್ರಿ ಸಿಸ್ಟರ್, ಸರಿ. ಬಂದ್ಮೇಲೆ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ಟವಳಿಗೆ ಏನ್ಮಾಡ್ಬೇಕು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಹಾಗಾಗಿ ಇವತ್ತು ಕ್ಯಾನ್ಸರ್ ಬಂದವರ ಮನಸ್ಸಿನ ಬಗ್ಗೆಯೇ ಮಾತನಾಡೋಣ.

ಮೊದಲು ನಮ್ಮೆಲ್ಲರ ಬಾಯಲ್ಲೂ ಬರುವ ಒಂದು ಮಾತನ್ನು ತೆಗೆದುಕೊಳ್ಳೋಣ. "ಕ್ಯಾನ್ಸರ್ ಬಂದೋರಿಗೆ ದುಃಖ ಆಗದೆ ಸಂತೋಷ ಆಗುತ್ತಾ?" ಕೇಳಲು ಇದು ಸರಿಯಾಗಿಯೇ ಇದೆ. ಆದರೆ ಈ ಒಂದು ಮಾತಿನಿಂದಲೇ ಎಷ್ಟೋ ಮಂದಿ ಹೆಣ್ಣುಮಕ್ಕಳಿಗೆ ಸಿಗಬೇಕಾದ ಚಿಕಿತ್ಸೆ ಸಿಗದೆ ಹೋಗುತ್ತಿದೆ. ದುಃಖ ಬೇರೆ, ಖಿನ್ನತೆ ಎಂಬ ಕಾಯಿಲೆ ಬೇರೆ. ರೋಗದ ಹೆಸರು ಕೇಳಿದ ದಿನ ಅಳು ಬರುತ್ತದೆ, ನಿದ್ದೆ ಹೋಗುತ್ತದೆ, ಅನ್ನ ಸೇರುವುದಿಲ್ಲ. ಅದು ಮನುಷ್ಯರ ಸ್ವಭಾವ. ಅಂಥ ದುಃಖ ಅಲೆಯ ಹಾಗೆ ಬಂದು ಹೋಗುತ್ತಾ ಇರುತ್ತದೆ. ನಡುವೆ ಮೊಮ್ಮಗು ಬಂದು ಮಡಿಲಲ್ಲಿ ಕೂತರೆ ಮುಖ ಅರಳುತ್ತದೆ. ಖಿನ್ನತೆಯಲ್ಲಿ ಹಾಗಾಗುವುದಿಲ್ಲ. ಮೊಮ್ಮಗು ಬಂದರೂ ಸರಿ, ಬಾರದಿದ್ದರೂ ಸರಿ. ಹಬ್ಬ ಬಂದರೂ ಸರಿ, ಹೋದರೂ ಸರಿ. ದಿನವಿಡೀ ಅದೇ ಮೋಡ, ವಾರಗಟ್ಟಲೆ.

ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಸುಮಾರು ಆರು ಮಂದಿಯಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಇದನ್ನು ಎರಡು ರೀತಿ ನೋಡಬೇಕು. ಒಂದು, ಇದು ಸಣ್ಣ ಸಂಖ್ಯೆಯಲ್ಲ. ಇನ್ನೊಂದು, ಆರರಲ್ಲಿ ಐದು ಮಂದಿಗೆ ಇರುವುದಿಲ್ಲ! ಅಂದರೆ ಕ್ಯಾನ್ಸರ್ ಬಂದ ಮೇಲೆ ಹೀಗೆ ಕುಸಿದು ಹೋಗುವುದು ಹಣೆಬರಹವಲ್ಲ. ಅದು ಎರಡನೆಯ ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ.

ಗುರುತಿಸುವುದು ಹೇಗೆ?

ನಮ್ಮ ಹೆಣ್ಣುಮಕ್ಕಳು "ನನಗೆ ಖಿನ್ನತೆ ಇದೆ" ಎಂದು ಬಂದು ಹೇಳುವುದಿಲ್ಲ. ಹೇಳುವುದು "ತಲೆ ಭಾರ ಸಿಸ್ಟರ್", "ಎದೆ ಉರೀತದೆ", "ಕೈಕಾಲು ಸೋತು ಬರ್ತವೆ" ಎಂದು. ಮನಸ್ಸಿನ ನೋವನ್ನು ಮೈಯ ಮೇಲೆ ಹಾಕಿ ಹೇಳುವುದು ನಮ್ಮ ರೂಢಿ. ಅದರಲ್ಲೂ ಕ್ಯಾನ್ಸರ್ ಆದವರಲ್ಲಿ ಇನ್ನೊಂದು ತೊಡಕಿದೆ. ಊಟ ಸೇರದಿರುವುದು, ತೂಕ ಇಳಿಯುವುದು, ಸುಸ್ತು, ನಿದ್ದೆ ಇಲ್ಲದಿರುವುದು ರೋಗದಿಂದಲೂ ಆಗಬಹುದು, ಕೀಮೋದಿಂದಲೂ ಆಗಬಹುದು, ಖಿನ್ನತೆಯಿಂದಲೂ ಆಗಬಹುದು. ಆದ್ದರಿಂದ ಅವನ್ನಷ್ಟೇ ನೋಡಿದರೆ ಗೊತ್ತಾಗುವುದಿಲ್ಲ.

ವೈದ್ಯರೂ ಆಪ್ತಸಮಾಲೋಚಕರೂ ಮೊದಲು ಕೇಳುವ ಎರಡು ಪ್ರಶ್ನೆಗಳಿವೆ. ನೀವೂ ಕೇಳಬಹುದು. "ಎರಡು ವಾರದಿಂದ ಮನಸ್ಸು ಕುಗ್ಗಿದ ಹಾಗೆ, ಯಾವ ಆಸೆಯೂ ಇಲ್ಲದ ಹಾಗೆ ಅನ್ನಿಸ್ತಿದೆಯಾ?" "ಮುಂಚೆ ಇಷ್ಟಪಟ್ಟು ಮಾಡ್ತಿದ್ದ ಕೆಲಸದಲ್ಲಿ ಈಗ ಮನಸ್ಸೇ ಇಲ್ವಾ?" ಎರಡರಲ್ಲಿ ಒಂದಕ್ಕೆ "ಹೌದು, ಹೆಚ್ಚುಕಡಿಮೆ ದಿನವೂ" ಎಂಬ ಉತ್ತರ ಬಂದರೆ ವೈದ್ಯರಿಗೆ ತೋರಿಸಬೇಕು. ಇದು ಖಿನ್ನತೆಯೇ ಎಂದು ತೀರ್ಮಾನ ಮಾಡುವುದು ನಮ್ಮ ನಿಮ್ಮ ಕೆಲಸವಲ್ಲ, ತೋರಿಸಬೇಕೆಂದು ತಿಳಿಯುವುದಷ್ಟೇ ನಮ್ಮ ಕೆಲಸ. ಇದರ ಜೊತೆಗೆ ಆಕೆ ಆಡುವ ಮಾತಿಗೆ ಕಿವಿಗೊಡಿ. "ನಾನು ಎಲ್ಲರಿಗೂ ಭಾರ ಆದೆ", "ನನ್ನಿಂದ ಮನೆ ಸಾಲಕ್ಕೆ ಬಿತ್ತು", "ಇನ್ಯಾವ ಸುಖಕ್ಕೆ ಆಸ್ಪತ್ರೆ?" ಈ ಮೂರನೆಯ ಮಾತು ಕೇಳಿದ ದಿನ ಸುಮ್ಮನಿರಬೇಡಿ.

ಯಾಕೆ ಎಂದು ಒಂದು ಉದಾಹರಣೆಯಿಂದ ಹೇಳುತ್ತೇವೆ. ಹೆಸರು, ಊರು ಬೇಡ. ಒಂದು ಸಂಘದ ಹಿರಿಯ ಸದಸ್ಯೆಗೆ ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಯಿತು. ಇದಕ್ಕೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಕರೆಂಟ್ ಕೊಡುತ್ತಾರೆ, ಆಮೇಲೆ ಒಳಗಿನಿಂದ ಕೊಡುವ ಚಿಕಿತ್ಸೆ ಇರುತ್ತದೆ. ಎಲ್ಲ ಸೇರಿ ಸುಮಾರು ಎಂಟು ವಾರದೊಳಗೆ ಮುಗಿಯಬೇಕು. ನಡುವೆ ತುಂಬಾ ದಿನ ನಿಲ್ಲಿಸಿದರೆ ಮಾಡಿದ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ಈ ಅಕ್ಕ ಹದಿನಾಲ್ಕು ದಿನ ಕರೆಂಟ್ ಇಡಿಸಿಕೊಂಡು, ಹಬ್ಬಕ್ಕೆ ಎಂದು ಊರಿಗೆ ಬಂದವರು ಮತ್ತೆ ಬಸ್ಸು ಹತ್ತಲಿಲ್ಲ. ಚಿಕಿತ್ಸೆಯ ಖರ್ಚು ಆರೋಗ್ಯ ಕರ್ನಾಟಕದ ಕಾರ್ಡಿನಲ್ಲಿ ಆಗುತ್ತಿತ್ತು. ಮಗ ಬೈದ. ಸೊಸೆ "ಅತ್ತೆಗೆ ಹಠ" ಎಂದಳು. ಸಂಘದವರು "ಕೊಬ್ಬು" ಎಂದರು. ಯಾರೂ ಕೆಟ್ಟವರಲ್ಲ, ನೋಡಿದವರಿಗೆ ಅದು ಹಠದಂತೆಯೇ ಕಾಣುತ್ತಿತ್ತು.

ಪಕ್ಕದ ಮನೆಯ ಸದಸ್ಯೆಯೊಬ್ಬರು ಮಾತ್ರ ಬುದ್ಧಿ ಹೇಳಲು ಹೋಗಲಿಲ್ಲ. ಅವರೆಕಾಯಿ ಕಾಲ. ಒಂದು ಮೊರ ಅವರೆಕಾಯಿ ತೆಗೆದುಕೊಂಡು ಹೋಗಿ, "ಅಕ್ಕ, ಸುಲಿಯೋಕೆ ಒಂಚೂರು ಕೈ ಹಾಕು" ಎಂದು ಮಂಚದ ಪಕ್ಕ ಕುಳಿತರು. ಮೊದಲ ದಿನ ಆ ಅಕ್ಕ ಕೈಯನ್ನೇ ಹಾಕಲಿಲ್ಲ. ಎರಡನೆಯ ದಿನ ನಾಲ್ಕು ಕಾಯಿ ಸುಲಿದರು. ಮೂರನೆಯ ದಿನ ಸುಲಿಯುತ್ತಾ ಸುಲಿಯುತ್ತಾ ತಲೆ ಎತ್ತದೆ, "ನಾನು ಬೇಗ ಹೋದ್ರೆ ಇವರಾದ್ರೂ ಉಳ್ಕೋತಾರೆ ಕಣವ್ವ" ಎಂದರು. ಆಗಲೇ ಇದು ಹಠವಲ್ಲ ಎಂದು ಗೊತ್ತಾದದ್ದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದರು, ಮಾತ್ರೆ ಶುರುವಾಯಿತು, ಆಪ್ತಸಮಾಲೋಚನೆ ಆಯಿತು. ಪಕ್ಕದ ಮನೆಯಾಕೆಯೇ ಜೊತೆಗೆ ಹೋಗಿ, ನಿಂತಿದ್ದ ಕರೆಂಟ್ ಚಿಕಿತ್ಸೆಯನ್ನು ಮತ್ತೆ ಶುರು ಮಾಡಿಸಿದರು. ಹನ್ನೆರಡು ದಿನ ಹಾಳಾಗಿತ್ತು. ಆ ಅಕ್ಕನ ಕ್ಯಾನ್ಸರ್ ಪೂರ್ತಿ ವಾಸಿಯಾಯಿತು ಎಂದು ನಾವು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ವೈದ್ಯರು. ಚಿಕಿತ್ಸೆ ಪೂರ್ತಿಯಾಯಿತು, ಈಗ ತಪಾಸಣೆಗೆ ತಪ್ಪದೆ ಹೋಗಿ ಬರುತ್ತಿದ್ದಾರೆ.

ಮನಸ್ಸು ಯಾಕೆ ಕುಸಿಯುತ್ತದೆ?

ಕಾರಣಗಳು ಹಲವು. ಕೆಲವು ಮೈಯ ಒಳಗೇ ಇರುತ್ತವೆ: ನಿಲ್ಲದ ನೋವು, ರಕ್ತಹೀನತೆ, ಥೈರಾಯ್ಡ್ ಕಡಿಮೆಯಾಗುವುದು, ಕೆಲವು ಔಷಧಿಗಳು. ಅವನ್ನು ಪರೀಕ್ಷೆ ಮಾಡಿ ಸರಿಪಡಿಸಬಹುದು. ನೋವಿನ ಬಗ್ಗೆ ವಿಶೇಷವಾಗಿ ಹೇಳಬೇಕು. ರಾತ್ರಿಯೆಲ್ಲಾ ನೋವಿನಿಂದ ಒದ್ದಾಡುವವರ ಮನಸ್ಸು ಎಷ್ಟು ಗಟ್ಟಿಯಿದ್ದರೂ ಕರಗುತ್ತದೆ. "ಕ್ಯಾನ್ಸರ್ ಅಂದ್ಮೇಲೆ ನೋವು ಇದ್ದಿದ್ದೇ" ಎಂದು ಹಲ್ಲು ಕಚ್ಚಿ ಕೂರಬೇಕಾಗಿಲ್ಲ. ಮಾರ್ಫಿನ್ ಮಾತ್ರೆಯವರೆಗೆ ಒಳ್ಳೆಯ ಔಷಧಿಗಳಿವೆ, ಉಪಶಮನ ಚಿಕಿತ್ಸೆ ಕೊಡುವ ವೈದ್ಯರಿದ್ದಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇದಕ್ಕೆ ವಿಭಾಗವಿದೆ. ರೋಗ ಕೈಮೀರಿದವರನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯದಂಥ ಸಂಸ್ಥೆಯೂ ಬೆಂಗಳೂರಿನಲ್ಲಿದೆ.

ಇನ್ನು ಕೆಲವು ಕಾರಣಗಳನ್ನು ಉಂಟುಮಾಡುವವರು ನಾವೇ, ಅಂದರೆ ಮನೆಯವರು ಮತ್ತು ಊರಿನವರು. ರೋಗಿಗೆ ರೋಗದ ಹೆಸರು ಹೇಳದೆ "ಗಡ್ಡೆ ಅಷ್ಟೆ, ಗ್ಯಾಸು" ಎಂದು ಮುಚ್ಚಿಡುವುದು. ಆಸ್ಪತ್ರೆಯ ಬೋರ್ಡು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಓದು ಬಾರದಿದ್ದರೂ ಪಕ್ಕದ ಹಾಸಿಗೆಯವರು ಹೇಳುತ್ತಾರೆ. ಆಕೆಗೆ ಗೊತ್ತು, ಮನೆಯವರಿಗೂ ಗೊತ್ತು, ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ನಾಟಕ. ಆಗ ತನ್ನ ಭಯವನ್ನು ಹೇಳಿಕೊಳ್ಳಲು ಆಕೆಗೆ ಮನೆಯಲ್ಲೇ ಒಂದು ಜೀವ ಇಲ್ಲದಂತಾಗುತ್ತದೆ. ಆಕೆ ಕೇಳಿದರೆ, ಆಕೆ ಎಷ್ಟು ಕೇಳುತ್ತಾಳೋ ಅಷ್ಟನ್ನು ನಿಜ ಹೇಳಿ. ವೈದ್ಯರಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು.

ತಟ್ಟೆ ಲೋಟ ಬೇರೆ ಇಡುವ ಪದ್ಧತಿ ಇನ್ನೂ ಹೋಗಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ಹೊರಗಿನಿಂದ ಯಂತ್ರದಲ್ಲಿ ಕರೆಂಟ್ ಇಡಿಸಿಕೊಂಡವರ ಪಕ್ಕ ಮಲಗಿದರೆ ಮಗುವಿಗೆ ಏನೂ ಆಗುವುದಿಲ್ಲ. ಮೊಮ್ಮಗುವನ್ನು ಕೈಗೆ ಕೊಡದ ಸೊಸೆ ಯಾವ ಔಷಧಿಗೂ ವಾಸಿಯಾಗದ ಗಾಯ ಮಾಡುತ್ತಾಳೆ. ಕೂದಲಿನ ವಿಷಯವೂ ಹಾಗೆಯೇ. ಕೀಮೋದಿಂದ ಕೂದಲು ಹೋದಾಗ, "ಮಾದಪ್ಪನ ಬೆಟ್ಟಕ್ಕೆ ಮುಡಿ ಕೊಟ್ಟು ಬಂದೆ" ಎಂದು ಊರಿಗೆಲ್ಲಾ ಹೇಳಿಕೊಂಡು ಮರ್ಯಾದೆ ಉಳಿಸಿಕೊಂಡವರೊಬ್ಬರಿದ್ದಾರೆ. ಅದನ್ನು ಹೇಳುವಾಗ ಅವರೂ ನಕ್ಕರು, ನಾವೂ ನಕ್ಕೆವು. ಆದರೆ ಹಾಗೆ ಹೇಳಬೇಕಾಗಿ ಬಂದದ್ದು ಯಾಕೆ ಎಂದು ಯೋಚಿಸಿ. ಸ್ತನ ತೆಗೆಸಿದವರು ಗಂಡನ ಮುಂದೆ ಸೆರಗು ಸರಿಪಡಿಸಿಕೊಳ್ಳುತ್ತಲೇ ಇರುತ್ತಾರೆ. ಗರ್ಭಕಂಠದ ರೋಗ ಇರುವವರು ವಾಸನೆ ಬರುತ್ತದೆಂಬ ಹೆದರಿಕೆಯಿಂದ ಸಂಘದ ಸಭೆಗೇ ಬರುವುದಿಲ್ಲ. ಬಾರದಿದ್ದವರ ಮೇಲೆ ನಾವು ದಂಡ ಹಾಕುತ್ತೇವೆ!

ದೇವರು, ಪಾಪ, ಪ್ರಾರ್ಥನೆ

"ಯಾವ ಜನ್ಮದ ಪಾಪವೋ" ಎನ್ನುವ ಮಾತು ಎಲ್ಲ ಮತದವರಲ್ಲೂ ಇದೆ, ನಮ್ಮ ಕ್ರೈಸ್ತರಲ್ಲೂ ಇದೆ. ಹುಟ್ಟು ಕುರುಡನನ್ನು ಕಂಡು, ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ಒಪ್ಪಲಿಲ್ಲ. ರೋಗ ಶಿಕ್ಷೆಯಲ್ಲ. ಹಾಗೆಂದು ಹೇಳುವವರ ಮಾತನ್ನು ರೋಗಿಯ ಕಿವಿಗೆ ಬೀಳದಂತೆ ತಡೆಯುವುದೂ ಒಂದು ಸೇವೆಯೇ.

"ಚೆನ್ನಾಗಿ ಪ್ರಾರ್ಥನೆ ಮಾಡು, ಬೇಜಾರು ಹೋಗುತ್ತೆ" ಎಂದು ಹೇಳುವವರೂ ಇದ್ದಾರೆ. ಪ್ರಾರ್ಥನೆ ಮಾಡುವುದು ಕನ್ಯಾಸ್ತ್ರೀಯರಾದ ನಮ್ಮ ಜೀವನವೇ ಆಗಿದೆ; ಆದರೂ ಈ ಮಾತು ನಮಗೆ ಇಷ್ಟವಿಲ್ಲ. ಖಿನ್ನತೆ ಇರುವವರಿಗೆ ಪ್ರಾರ್ಥನೆಗೆ ಕೂರಲೂ ಮನಸ್ಸು ಬರುವುದಿಲ್ಲ. ಆಗ "ನನಗೆ ವಿಶ್ವಾಸವೂ ಇಲ್ಲ" ಎಂಬ ಇನ್ನೊಂದು ಅಪರಾಧಭಾವ ತಲೆ ಮೇಲೆ ಬೀಳುತ್ತದೆ. ಬೈಬಲಿನಲ್ಲಿ ಪ್ರವಾದಿ ಎಲೀಯ ಸೋತು, ಅಡವಿಯಲ್ಲಿ ಒಂದು ಗಿಡದ ಕೆಳಗೆ ಮಲಗಿ, ಸಾವು ಬರಲಿ ಎಂದು ಬೇಡಿಕೊಂಡ ಕಥೆ ಇದೆ. ಆಗ ಬಂದ ದೇವದೂತ ಉಪದೇಶ ಮಾಡಲಿಲ್ಲ, ಬೈಯಲಿಲ್ಲ. ತಟ್ಟಿ ಎಬ್ಬಿಸಿ, ಬಿಸಿ ರೊಟ್ಟಿ ನೀರು ಕೊಟ್ಟು, ಮತ್ತೆ ನಿದ್ದೆ ಮಾಡಲು ಬಿಟ್ಟ. ಇನ್ನೊಂದು ಸಲ ಬಂದೂ ಅದನ್ನೇ ಮಾಡಿದ. ಪ್ರಯಾಣದ ಮಾತು ಬಂದದ್ದು ಆಮೇಲೆ. ಸಂಘದಿಂದ ರೋಗಿಯನ್ನು ನೋಡಲು ಹೋಗುವವರು ಈ ದೇವದೂತನ ರೀತಿಯಲ್ಲಿ ಹೋಗಿ. ಗಂಜಿ ತೆಗೆದುಕೊಂಡು ಹೋಗಿ. ಮಾತ್ರೆ ಬಿಟ್ಟು ಪ್ರಾರ್ಥನೆಯಿಂದಲೇ ವಾಸಿ ಮಾಡುತ್ತೇವೆ ಎನ್ನುವವರು ಯಾರೇ ಆಗಲಿ, ಯಾವ ಮತದವರೇ ಆಗಲಿ, ಅವರನ್ನು ನಂಬಬೇಡಿ.

ಏನು ಹೇಳಬಾರದು ಎಂಬುದೂ ತಿಳಿದಿರಲಿ. "ನಮ್ಮ ಚಿಕ್ಕಮ್ಮನಿಗೂ ಇದೇ ಬಂದಿತ್ತು, ಆರೇ ತಿಂಗಳು" ಎಂಬ ಕಥೆ ಬೇಡ. "ಧೈರ್ಯ ತಗೋ" ಎಂದು ಎದ್ದು ಬರುವುದೂ ಬೇಡ. ಧೈರ್ಯ ಅಂಗಡಿಯಲ್ಲಿ ಸಿಗುವುದಿಲ್ಲ. "ಇವತ್ತು ಹೇಗಿದೆ?" ಎಂದು ಕೇಳಿ, ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಅಳುತ್ತಿದ್ದರೆ ಅಳಲಿ. ಮೊದಲ ವಾರ ಇಡೀ ಊರೇ ಬರುತ್ತದೆ, ಎರಡನೇ ತಿಂಗಳಲ್ಲಿ ಯಾರೂ ಇರುವುದಿಲ್ಲ. ನೀವು ಎರಡನೇ ತಿಂಗಳಲ್ಲಿ ಹೋಗಿ. ನೋಡಿಕೊಳ್ಳುತ್ತಿರುವ ಮಗಳನ್ನೂ ಸೊಸೆಯನ್ನೂ ಮಾತನಾಡಿಸಿ. ಶಾಲೆ ಬಿಡಿಸಿ ಅಮ್ಮನ ಹತ್ತಿರ ಕೂರಿಸಿದ ಹುಡುಗಿಯ ಮನಸ್ಸೂ ಕುಸಿದಿರಬಹುದು.

ಮಾತ್ರೆಗಳ ಬಗ್ಗೆ

ಖಿನ್ನತೆಯ ಮಾತ್ರೆ ನಿದ್ದೆ ಮಾತ್ರೆಯಲ್ಲ, ಚಟ ಹಿಡಿಯುವುದಿಲ್ಲ. ಆದರೆ ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದೂ ಇಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಹತ್ತು ದಿನ ನುಂಗಿ "ಏನೂ ಆಗ್ಲಿಲ್ಲ" ಎಂದು ಬಿಡುವವರೇ ಹೆಚ್ಚು. ಗುಣ ಕಂಡ ಮೇಲೂ ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಅವರ ಸಲಹೆಯಂತೆ ನಿಧಾನವಾಗಿ ನಿಲ್ಲಿಸಬೇಕು. ಎಲ್ಲರಿಗೂ ಮಾತ್ರೆ ಬೇಕೇ ಬೇಕು ಎಂದೇನಿಲ್ಲ. ಖಿನ್ನತೆ ಹೆಚ್ಚಿಲ್ಲದವರಿಗೆ ಆಪ್ತಸಮಾಲೋಚನೆ, ಕೈಲಾದಷ್ಟು ನಡಿಗೆ, ಒಂದಿಷ್ಟು ಕೆಲಸ ಇವೇ ಸಾಕಾಗಬಹುದು.

ಒಂದು ಎಚ್ಚರಿಕೆ. ಸ್ತನ ಕ್ಯಾನ್ಸರಿಗೆ ಹಲವರು ವರ್ಷಗಟ್ಟಲೆ ಟಾಮೋಕ್ಸಿಫೆನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ಖಿನ್ನತೆಯ ಮಾತ್ರೆಗಳಲ್ಲಿ ಪ್ಯಾರೋಕ್ಸೆಟಿನ್, ಫ್ಲುಯೋಕ್ಸೆಟಿನ್‌ನಂಥ ಕೆಲವು ಅದರ ಕೆಲಸಕ್ಕೆ ಅಡ್ಡಿ ಮಾಡುತ್ತವೆ, ಬೇರೆ ಕೆಲವು ಮಾಡುವುದಿಲ್ಲ. ಹೆಸರು ನೆನಪಿಡುವ ಕಷ್ಟ ಬೇಡ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲಾ ಒಂದು ಚೀಲಕ್ಕೆ ಹಾಕಿಕೊಂಡು, ಕ್ಯಾನ್ಸರ್ ವೈದ್ಯರಿಗೂ ಮನೋವೈದ್ಯರಿಗೂ ಅದೇ ಚೀಲ ತೋರಿಸಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಕೇಳದೆ ನಿಲ್ಲಿಸಲೂ ಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದಂತೂ ಬೇಡವೇ ಬೇಡ.

ಎಲ್ಲಿ ತೋರಿಸುವುದು? ಮೊದಲು ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ವೈದ್ಯರಿಗೇ ಹೇಳಿ. ಅವರು ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ, ಜೊತೆಗೆ ಹೋದವರೇ ಬಾಯಿ ಬಿಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಈಗಲೇ ನಿಮ್ಮ ನಿಮ್ಮ ಪಾಸ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ.

ಸಾಯುವ ಮಾತು ಬಂದರೆ

ಹಲವರು ಇದನ್ನು ಕೇಳಲು ಹೆದರುತ್ತಾರೆ, ಕೇಳಿದರೆ ನಾವೇ ತಲೆಗೆ ತುಂಬಿದಂತೆ ಆಗುತ್ತದೆ ಎಂದು. ಹಾಗಾಗುವುದಿಲ್ಲ. "ಜೀವ ಕಳ್ಕೊಳ್ಳೋ ಯೋಚನೆ ಬರ್ತಿದೆಯಾ ಅಕ್ಕ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದಕ್ಕೆ ಎಷ್ಟೋ ಜನರಿಗೆ ಉಸಿರು ಬಿಟ್ಟಂತಾಗುತ್ತದೆ. "ಹೌದು" ಎಂದರೆ ಗುಟ್ಟಾಗಿ ಇಡುತ್ತೇವೆಂದು ಮಾತು ಕೊಡಬೇಡಿ. ಒಬ್ಬರನ್ನೇ ಬಿಡಬೇಡಿ. ಹೊಲದ ಔಷಧಿ ಮನೆಯಲ್ಲಿದ್ದರೆ ಹೊರಗೆ ಸಾಗಿಸಿ, ಮಾತ್ರೆಗಳನ್ನು ಮನೆಯವರೇ ಇಟ್ಟುಕೊಂಡು ಆಯಾ ದಿನದ್ದನ್ನು ಕೊಡಲಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದಾರಿ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಯಾರಾದರೂ ಆಗಲೇ ಪ್ರಯತ್ನ ಮಾಡಿಬಿಟ್ಟಿದ್ದರೆ ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ನೋಡಬೇಕೇ ಹೊರತು ಶಿಕ್ಷಿಸುವಂತಿಲ್ಲ. ಅವರಿಗೆ ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ.

ಸಾಲದ ಕಂತು

ಇನ್ನು ನಮ್ಮ ಸಂಘಗಳ ವಿಷಯ. ಇದನ್ನು ಮಾತನಾಡದೆ ಎದ್ದು ಹೋಗುವಂತಿಲ್ಲ. ಕಾಯಿಲೆಯಾದ ಸದಸ್ಯೆಯ ತಲೆಯಲ್ಲಿ ಹಗಲು ರಾತ್ರಿ ಸುತ್ತುವುದು ರೋಗಕ್ಕಿಂತ ಹೆಚ್ಚಾಗಿ ಸಾಲ. ಕಾರ್ಡಿನಲ್ಲಿ ಚಿಕಿತ್ಸೆಯಾದರೂ ಬಸ್ಸು, ರೂಮು, ಊಟ, ಜೊತೆಗಿರುವವರ ಕೂಲಿ ನಷ್ಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಐದು ಜನ ಸದಸ್ಯೆಯರು ಹೋಗಿ ಅಂಗಳದಲ್ಲಿ ನಿಂತರೆ ಆಕೆಗೆ ಅದು ಭೇಟಿಯಂತೆ ಕಾಣುವುದಿಲ್ಲ.

"ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ, ಸಂಘ ಉಳಿಯಲ್ಲ" ಎಂದು ನೀವು ಹೇಳುತ್ತೀರಿ. ಈ ಮಾತಿನಲ್ಲಿ ಹುರುಳಿದೆ, ನಾವು ತಳ್ಳಿಹಾಕುವುದಿಲ್ಲ. ಉಳಿತಾಯದ ಹಣ ನಿಮ್ಮೆಲ್ಲರ ಬೆವರಿನದು. ಆದರೆ ಸಾಲ ಮನ್ನಾ ಮಾಡಿ ಎಂದು ನಾವು ಕೇಳುತ್ತಿಲ್ಲ. ಸಂಘದ ಒಳಗಿನ ಸಾಲವಾದರೆ ಚಿಕಿತ್ಸೆ ಮುಗಿಯುವವರೆಗೆ ಕಂತು ಮುಂದೂಡಬಹುದು, ಬಡ್ಡಿ ಎಷ್ಟು ಎಂದು ನೀವೇ ಕೂತು ತೀರ್ಮಾನಿಸಬಹುದು. ಬ್ಯಾಂಕಿನ ಸಾಲವಾದರೆ ಕಂತು ತಪ್ಪುವ ಮೊದಲೇ ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರೂ ಆಸ್ಪತ್ರೆಯ ಚೀಟಿಯ ನಕಲಿನೊಂದಿಗೆ ಮ್ಯಾನೇಜರನ್ನು ಕಂಡು ಅವಧಿ ಹೆಚ್ಚಿಸಲು ಕೇಳಬಹುದು. ತಪ್ಪಿದ ಮೇಲೆ ಕೇಳುವುದಕ್ಕೂ ಮೊದಲೇ ಕೇಳುವುದಕ್ಕೂ ವ್ಯತ್ಯಾಸ ಇದೆ. ಸಭೆಗೆ ಬಾರದ್ದಕ್ಕೆ ಹಾಕುವ ದಂಡವನ್ನಂತೂ ಕಾಯಿಲೆಯವರಿಗೆ ಹಾಕಲೇಬಾರದು. ಮುಖ್ಯವಾಗಿ ಇದನ್ನೆಲ್ಲಾ ಒಬ್ಬರಿಗೆ ಕಾಯಿಲೆ ಬಂದ ಮೇಲೆ ಅಲ್ಲ, ಎಲ್ಲರೂ ಚೆನ್ನಾಗಿರುವಾಗಲೇ ಎಲ್ಲರಿಗೂ ಒಂದೇ ನಿಯಮವೆಂದು ಮಾಡಿಕೊಳ್ಳಿ. ಆಗ ಅದು ಯಾರಿಗೂ ತೋರಿದ ಕನಿಕರವಾಗುವುದಿಲ್ಲ, ಸಂಘದ ನಿಯಮವಾಗುತ್ತದೆ. "ನನ್ನಿಂದ ಸಂಘಕ್ಕೆ ನಷ್ಟ" ಎಂಬ ಮಾತಿಗೂ ಜಾಗ ಇರುವುದಿಲ್ಲ.

ನಿಮ್ಮ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಿ. ಕಾಯಿಲೆಯ ಸದಸ್ಯೆಯನ್ನು ನೋಡಲು ಹೋಗುವ ಇಬ್ಬರು ಯಾರು ಎಂಬುದನ್ನೂ ಅಂದೇ ಗೊತ್ತುಮಾಡಿ. ಸಾಲ ವಸೂಲಿಗೆ ಹೋಗುವವರು ಬೇರೆ ಇರಲಿ, ನೋಡಲು ಹೋಗುವವರು ಬೇರೆ ಇರಲಿ. ನಡಾವಳಿ ಪುಸ್ತಕದಲ್ಲಿ ಬರೆಯುವಾಗ ರೋಗದ ಹೆಸರನ್ನಾಗಲಿ, ಮನಸ್ಸಿನ ಚಿಕಿತ್ಸೆ ನಡೆಯುತ್ತಿದೆ ಎಂಬುದನ್ನಾಗಲಿ ಬರೆಯಬೇಡಿ. ಆ ಪುಸ್ತಕವನ್ನು ಹತ್ತು ಜನ ಓದುತ್ತಾರೆ. "ಅನಾರೋಗ್ಯದ ರಜೆ" ಎಂದಷ್ಟು ಬರೆದರೆ ಸಾಕು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಎಲ್ಲರ ಮುಂದೆ ಕೇಳಲು ಆಗದವರು ಊಟವಾದ ಮೇಲೆ ಬನ್ನಿ, ನಾವು ಸಂಜೆವರೆಗೂ ಇಲ್ಲೇ ಇರುತ್ತೇವೆ.